ದ್ಯಾಮಕ್ಕನ ಗಾಡಿಗೆ ಎಷ್ಟು ಗಾಳಿ ಬೇಕು?

ಮೊನ್ನೆ ಸುಗ್ಗಿ ಮುಗಿದ ಮೇಲೆ ನಾನೊಂದು ಇಂಜಿನ್ ಕೊಂದೆ.

ಬೇಕೆಂದು ಮಾಡಿದ್ದಲ್ಲ. ಒಳ್ಳೆಯದು ಮಾಡಲು ಹೋಗಿ ಆದದ್ದು. (ಕೆಟ್ಟದ್ದು ಮಾಡಲು ಹೊರಟವನಾದರೂ ಒಂದು ಸಲ ಹಿಂದೆ ಮುಂದೆ ನೋಡುತ್ತಾನೆ. ಒಳ್ಳೆಯದು ಮಾಡಲು ಹೊರಟವನನ್ನು ತಡೆಯುವವರು ಯಾರು?)

ನನ್ನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಶಿಕಾರಿಪುರದಲ್ಲಿ ಮನೆ, ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರ ಕೆಲಸ, ಬಂದಳಿಕೆ ಕಡೆ ಎರಡು ಎಕರೆ ಹೊಲ. ಹಳೆಯ ಪಠ್ಯದಲ್ಲಿ ಇಂಜಿನ್ನಿನ ಪಾಠ ಇದ್ದಾಗ ವರ್ಷ ವರ್ಷವೂ ಬೋರ್ಡಿನ ಮೇಲೆ ಅದರ ಚಿತ್ರ ಬರೆದಿದ್ದೇನೆ. ಒಳಗೆ ಬರುವ ಗಾಳಿಗೆ ನೀಲಿ ಚಾಕ್‌ಪೀಸು, ಹೊರಗೆ ಹೋಗುವ ಹೊಗೆಗೆ ಕೆಂಪು. ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಆದರೆ ನಿಜವಾದ ಇಂಜಿನ್ನಿನ ಒಂದು ಬೋಲ್ಟನ್ನೂ ಬಿಚ್ಚಿದವನಲ್ಲ. ಹಾಗಂತ ಅದರ ಬಗ್ಗೆ ಮಾತಾಡುವುದನ್ನು ಬಿಟ್ಟವನೂ ಅಲ್ಲ.

ಪ್ರತಿ ವರ್ಷ ಮೆಕ್ಕೆಜೋಳ ಮುರಿದ ಮೇಲೆ ನನ್ನ ಹೊಲದಲ್ಲಿ ಮೂರು ದಿನ ಕುರಿ ತರುಬಿಸುತ್ತೇನೆ, ಅಂದರೆ ಮಂದೆಯನ್ನು ಅಲ್ಲೇ ಬೀಡುಬಿಡಿಸುತ್ತೇನೆ. ಕುರಿಗಳು ಉಳಿದ ಸೊಪ್ಪು ಮೇಯುತ್ತವೆ, ಹೊಲಕ್ಕೆ ಹಿಕ್ಕೆ ಗೊಬ್ಬರ ಸಿಗುತ್ತದೆ. ಕುರಿಗಳು ದ್ಯಾಮಕ್ಕನವು. ಸುಮಾರು ಎಪ್ಪತ್ತು ಇರಬಹುದು. ದ್ಯಾಮಕ್ಕನಿಗೆ ನಲವತ್ತೈದು ದಾಟಿದೆ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎಡಗಾಲು ಸಣ್ಣದಾಗಿದೆ. ಮದುವೆ ಆಗಿಲ್ಲ, ಅಣ್ಣ ಮಂಜಪ್ಪನ ಮನೆಯಲ್ಲಿ ಇರುತ್ತಾರೆ. ಅಪ್ಪ ಬಿಟ್ಟುಹೋದ ಕುರಿಗಳನ್ನು ಕೋಲೂರಿಕೊಂಡೇ ಇಪ್ಪತ್ತು ವರ್ಷ ಕಾಯ್ದವರು.

ಆಮೇಲೆ ಬಲಗಾಲಿನ ಮಂಡಿಯೂ ಕೈಕೊಟ್ಟಿತು. "ಸಾಕು ಬಿಡು ತಂಗಿ, ಕುರಿ ನಾನು ನೋಡ್ಕೋತೀನಿ" ಅಂದ ಮಂಜಪ್ಪ. ದ್ಯಾಮಕ್ಕ ಶಿರಾಳಕೊಪ್ಪದ ಸಂತೆಗೆ ಹೋಗಿ ಬರುವಾಗ ಒಬ್ಬ ವೆಲ್ಡಿಂಗ್‌ನವನನ್ನು ಮಾತಾಡಿಸಿಕೊಂಡು ಬಂದರು.

ಎರಡು ತಿಂಗಳಲ್ಲಿ ಗಾಡಿ ತಯಾರಾಯಿತು. ಗುಜರಿಗೆ ಹೋಗಬೇಕಿದ್ದ ಲಗೇಜ್ ಆಟೋದ ಟೂ ಸ್ಟ್ರೋಕ್ ಇಂಜಿನ್, ಅದರದೇ ಹಿಂದಿನ ಎರಡು ಚಕ್ರ, ಮುಂದೆ ಒಂದು ಚಕ್ರ, ಮೂರಕ್ಕೂ ಕೆಸರಿನಲ್ಲಿ ಹಿಡಿತ ಸಿಗುವಂಥ ದಪ್ಪ ಹಲ್ಲಿನ ಟಯರು. ಮೇಲೆ ಟಾಪ್ ಇಲ್ಲ. ಬ್ರೇಕು, ಕ್ಲಚ್ಚು, ಗೇರು ಎಲ್ಲವೂ ಕೈಯಲ್ಲೇ. ಪಕ್ಕದ ಲಿವರ್ ಎಳೆದರೆ ಸ್ಟಾರ್ಟ್. ಡಾಂಬರು ರಸ್ತೆಗೆ ಅದು ಬರುವುದೇ ಇಲ್ಲ. ಹೊಲ, ಗೋಮಾಳ, ಕೆರೆಯಂಗಳ, ಇಷ್ಟೇ ಅದರ ಲೋಕ. ಮುಂದೆ ಕುರಿ, ಹಿಂದೆ ಹೊಗೆ ಬಿಡುತ್ತಾ ದ್ಯಾಮಕ್ಕ.

ಈ ವರ್ಷ ನನ್ನ ಹೊಲಕ್ಕೆ ಬಂದಾಗ ಅವರು ಬದುವಿನ ಮೇಲೆ ಕೂತು ಇಂಜಿನ್ನಿನ ಪ್ಲಗ್ಗು ಬಿಚ್ಚಿ ಉಜ್ಜುತ್ತಿದ್ದರು.

"ಏನಾಯ್ತು ದ್ಯಾಮಕ್ಕ?"

"ದಿನಕ್ಕೆ ಮೂರು ಸಲ ಇದೇ ಕೆಲ್ಸ ಆಗೈತ್ರೀ ಮೇಷ್ಟ್ರೇ. ಪ್ಲಗ್ಗು ಕರ್ರಗಾಕ್ಕತಿ, ಗಾಡಿ ನಿಂದ್ರತತಿ. ಹೊಗೆನೂ ಜಾಸ್ತಿ."

ನೋಡಿ, ಅವರು ಹೇಳಿದ್ದು ಇಷ್ಟೇ. ನಾನು ಕೇಳಿಸಿಕೊಂಡದ್ದು ಬೇರೆ. 'ಈ ಇಂಜಿನ್ನಿಗೆ ಉಸಿರು ಕಟ್ಟಿದೆ, ಇದಕ್ಕೆ ಪವರ್ ಸಾಲದು' ಅಂತ ನನ್ನ ತಲೆ ತೀರ್ಮಾನಿಸಿಯೇ ಬಿಟ್ಟಿತು.

ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕಿದೆ. ಯಾವುದೋ ದೇಶದ ಯಾರೋ ಮರಳುಗುಡ್ಡದ ಮೇಲೆ ಮೂರು ಚಕ್ರದ ಟೂ ಸ್ಟ್ರೋಕ್ ಗಾಡಿ ಹಾರಿಸುತ್ತಿದ್ದರು. ಏರ್ ಫಿಲ್ಟರಿನ ಡಬ್ಬಿ ಕಿತ್ತುಹಾಕಿ, ಇಂಜಿನ್ ಸಲೀಸಾಗಿ ಉಸಿರಾಡಲಿ ಅಂತ ಜಾಲರಿಯಂಥ ಫಿಲ್ಟರ್ ಹಾಕಿದ್ದರು. ಭಾಷೆ ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ನನ್ನ ಬಿ.ಎಸ್ಸಿ. ಇತ್ತಲ್ಲ! ಆನ್‌ಲೈನಿನಲ್ಲಿ ಅಂಥದೇ ಜಾಲರಿ ಫಿಲ್ಟರ್ ತರಿಸಿದೆ. "ನಿಮಗ್ಯಾಕ್ರೀ ಇದೆಲ್ಲ?" ಅಂದಳು ಹೆಂಡತಿ. ಪ್ರಶ್ನೆ ಚೆನ್ನಾಗಿತ್ತು. ನಾನು ಸ್ಪ್ಯಾನರ್ ಹುಡುಕುತ್ತಿದ್ದೆ.

ಫಿಲ್ಟರ್ ಬಂದ ಮೇಲಿನ ಭಾನುವಾರ ದ್ಯಾಮಕ್ಕನನ್ನು ಕುರಿ ಸಮೇತ ಮತ್ತೆ ನನ್ನ ಹೊಲಕ್ಕೇ ಕರೆಸಿ, ಸ್ಪ್ಯಾನರ್ ಹಿಡಿದು ಹೋದೆ. ದ್ಯಾಮಕ್ಕನ ಗಾಡಿಯಲ್ಲಿ ಗಾಳಿ ಒಳಗೆ ಹೋಗಲು ಒಂದು ಉದ್ದದ ರಬ್ಬರ್ ಪೈಪಿತ್ತು. ಇಂಜಿನ್ನಿನಿಂದ ಹೊರಟು ಸೀಟಿನ ಹಿಂಬದಿಯಿಂದ ಮೇಲೆ, ಹೆಚ್ಚು ಕಡಿಮೆ ದ್ಯಾಮಕ್ಕನ ಹೆಗಲಿನವರೆಗೆ ಬಂದಿತ್ತು. ಅದರ ಬಾಯಿಗೆ ಹಳೇ ಸೀರೆಯ ಬಟ್ಟೆ ನಾಲ್ಕು ಪದರ ಕಟ್ಟಿತ್ತು. ನನಗೆ ನಗು ಬಂತು. ಬಾಯಿಗೆ ಬಟ್ಟೆ ತುರುಕಿದರೆ ಯಾರು ತಾನೇ ಉಸಿರಾಡುತ್ತಾರೆ? ಪೈಪು, ಬಟ್ಟೆ ಎಲ್ಲ ಕಿತ್ತೆ. ಜಾಲರಿ ಫಿಲ್ಟರನ್ನು, ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಬಾಯಿಗೆ ನೇರವಾಗಿ ಕೂರಿಸಿದೆ.

ದ್ಯಾಮಕ್ಕ ಲಿವರ್ ಎಳೆದರು. ಆಹಾ! ಗಾಡಿ ಕಿರುಚಿಕೊಂಡು ಎದ್ದಿತು. ಹೊಗೆ ಮಾಯ. ಹೊಲದ ತುದಿಯವರೆಗೆ ಒಂದೇ ಉಸಿರಿನಲ್ಲಿ ಹೋಗಿ ಬಂತು. ಕುರಿಗಳು ದಿಕ್ಕಾಪಾಲಾಗಿ ಓಡಿದವು.

"ಹೆಂಗೈತಿ ದ್ಯಾಮಕ್ಕ?" ಅಂದೆ, ಅವರ ಭಾಷೆಯಲ್ಲೇ.

"ಜೋರೈತ್ರೀ" ಅಂದರು. ಅಷ್ಟೇ ಅಂದರು. ಅದು ಹೊಗಳಿಕೆ ಅಂದುಕೊಂಡೆ.

ಸೋಮವಾರ ಸ್ಟಾಫ್ ರೂಮಿನಲ್ಲಿ ಗಾಡಿ ಓಡಿದ್ದರ ವಿಡಿಯೋ ತೋರಿಸಿದೆ. ಮಂಗಳವಾರವೂ ತೋರಿಸಿದೆ. ಗುರುವಾರ ಶಾಲೆ ಬಿಡುವ ಹೊತ್ತಿಗೆ ಮಂಜಪ್ಪನ ಫೋನು ಬಂತು.

"ಮೇಷ್ಟ್ರೇ, ಗಾಡಿ ಇಂಜಿನ್ ಸೀಜ್ ಆಗೈತಿ, ಅಲುಗಾಡವಲ್ದು. ತಂಗಿ ಕಾಲು ಊದಿ ಕುಂತಾಳ. ನೀವು ಒಂದ್ಸಲ ಬಂದು ಹೋಗ್ರೀ."

ಆದದ್ದು ಇದು. ಬುಧವಾರ ಬೆಳಿಗ್ಗೆ ದ್ಯಾಮಕ್ಕ ಕುರಿ ಹೊಡೆದುಕೊಂಡು ಕೆರೆಯಂಗಳದ ಆಚೆ ತುದಿಗೆ ಹೋಗಿದ್ದಾರೆ. ನೀರು ಇಳಿದು ಹುಲ್ಲು ಬಂದ ಜಾಗ. ಹನ್ನೊಂದರ ಹೊತ್ತಿಗೆ ಇಂಜಿನ್ ಕಿರ್ ಅಂದು ನಿಂತಿತು. ಲಿವರ್ ಎಳೆದರೆ ಅಲುಗಾಡಲಿಲ್ಲ. ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಕುರಿಗಳು ಮೇಯುತ್ತಾ ಮುಂದೆ ಹೋಗುತ್ತಲೇ ಇವೆ. ಮುಂದೆ ಯಾರದೋ ಭತ್ತದ ಸಸಿ ಮಡಿ, ಅಂಗೈ ಎತ್ತರಕ್ಕೆ ಹಸಿರಾಗಿ ನಿಂತಿದೆ. ಎಪ್ಪತ್ತು ಕುರಿ ಅದಕ್ಕೆ ನುಗ್ಗಿದರೆ ಒಂದು ಮನೆಯ ಬೇಸಿಗೆ ಬೆಳೆ ಅಲ್ಲಿಗೆ ಮುಗಿದಂತೆ.

ದ್ಯಾಮಕ್ಕ ಗಾಡಿಯಿಂದ ಇಳಿದರು. ಬಿರುಕು ಬಿಟ್ಟ ಕೆರೆಮಣ್ಣಿನಲ್ಲಿ ಕೋಲೂರಿಕೊಂಡು ನಡೆದರು. ಎರಡು ಸಲ ಬಿದ್ದರು. ಹೇಗೋ ಕುರಿಗಳಿಗಿಂತ ಮೊದಲು ಮಡಿಯ ಬದು ಮುಟ್ಟಿದರು. ಅಲ್ಲೇ ಕೋಲು ಅಡ್ಡ ಹಿಡಿದು, ಕೂಗಿ ಕೂಗಿ ಕುರಿಗಳನ್ನು ಹಿಂದಕ್ಕೆ ತಿರುಗಿಸುತ್ತಾ ನಾಲ್ಕು ತಾಸು ನಿಂತರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲವಲ್ಲ ಅಂತ ಮಂಜಪ್ಪ ಹುಡುಕಿಕೊಂಡು ಹೋಗುವವರೆಗೂ ನಿಂತೇ ಇದ್ದರು.

ಒಂದು ಸಸಿಯೂ ಹಾಳಾಗಲಿಲ್ಲ. ಒಂದು ಕುರಿಯೂ ಕಳೆಯಲಿಲ್ಲ. ಮಂಡಿ ಮಾತ್ರ ಮಡಚಲು ಬರುತ್ತಿರಲಿಲ್ಲ.

ನಾನು ಹೋದಾಗ ದ್ಯಾಮಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಮಂಜಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೋಡ್ರೀ ಮೇಷ್ಟ್ರೇ, ಇನ್ನ ಆ ಗಾಡಿ ಸಾವಾಸ ಸಾಕು. ಸಂಕ್ರಾಂತಿ ಆದ ಮೇಲೆ ಕುರಿ ಅಷ್ಟೂ ಕೊಟ್ಬಿಡ್ತೀನಿ. ಇಕೆ ಮನ್ಯಾಗ ಆರಾಮ ಇರ್ಲಿ."

ದ್ಯಾಮಕ್ಕ ಅಣ್ಣನ ಕಡೆ ನೋಡಲಿಲ್ಲ. ನನ್ನನ್ನು ನೋಡಿ ಒಂದೇ ಮಾತು ಕೇಳಿದರು. "ಗಾಡಿ ರಿಪೇರಿ ಆಕ್ಕತಾ ಇಲ್ಲಾ? ಅಷ್ಟು ಹೇಳ್ರೀ."

ಆಕ್ಕತಿ ಅಂದೆ. ಮತ್ತೊಮ್ಮೆ ಗೊತ್ತಿಲ್ಲದೇ ಹೇಳಿದ ಉತ್ತರ.

ಗಾಡಿಯಿಂದ ಬಿಚ್ಚಿಸಿ ತಂದ ಇಂಜಿನ್ನನ್ನು ಶಿಕಾರಿಪುರದ ಗ್ಯಾರೇಜುಗಳಲ್ಲಿ ತೋರಿಸಿದೆ. ಈಗಿನ ಹುಡುಗರು ಗಾಡಿಗೆ ವೈರು ಸಿಕ್ಕಿಸಿ ಕಂಪ್ಯೂಟರಿನಲ್ಲಿ ರೋಗ ಓದುತ್ತಾರೆ. ಟೂ ಸ್ಟ್ರೋಕ್ ಕಾರ್ಬುರೇಟರನ್ನು ಮ್ಯೂಸಿಯಮ್ಮಿನ ವಸ್ತುವಿನಂತೆ ತಿರುಗಿಸಿ ನೋಡಿದರು. "ಸರ್, ಗುಜರಿಗೆ ಹಾಕಿಬಿಡಿ" ಅಂದರು. ಕೊನೆಗೆ ಒಬ್ಬರು ದಾರಿ ತೋರಿಸಿದರು. "ಸೊರಬದಲ್ಲಿ ಷಣ್ಮುಖಪ್ಪ ಅಂತ ಇದಾರೆ ಸರ್. ಕಳೆ ಹೊಡೆಯೋ ಮಷೀನ್ ರಿಪೇರಿ ಮಾಡ್ತಾರೆ."

ನನಗಿದು ಹೊಳೆದೇ ಇರಲಿಲ್ಲ. ರಸ್ತೆಯಿಂದ ಟೂ ಸ್ಟ್ರೋಕ್ ಮಾಯವಾದರೂ ತೋಟದಲ್ಲಿ ಉಳಿದಿದೆ. ಹೆಗಲಿಗೆ ಹಾಕಿಕೊಂಡು ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಯಂತ್ರ, ಔಷಧಿ ಹೊಡೆಯುವ ಯಂತ್ರ. ಎಷ್ಟೋ ಕಡೆ ಇನ್ನೂ ಅದೇ ಇಂಜಿನ್, ಚಿಕ್ಕದು.

ಷಣ್ಮುಖಪ್ಪನವರಿಗೆ ಅರವತ್ತಿರಬಹುದು. ದಪ್ಪ ಕನ್ನಡಕ, ಶರ್ಟಿನ ಜೇಬಿನಲ್ಲಿ ಪೆನ್ನಿನ ಬದಲು ಸಣ್ಣ ಸ್ಕ್ರೂಡ್ರೈವರ್. ಇಂಜಿನ್ ಬಿಚ್ಚಿ ಪಿಸ್ಟನ್ ಹೊರತೆಗೆದರು. ಮೈತುಂಬಾ ಉದ್ದುದ್ದ ಗೀರು. ಕಾರ್ಬುರೇಟರ್ ಬಿಚ್ಚಿದರು. ಒಳಗೆ ನಯವಾದ ಕೆಮ್ಮಣ್ಣಿನ ಪುಡಿ.

"ಇದು ಯಾರ ಕೆಲಸ?" ಅಂದರು, ಜಾಲರಿ ಫಿಲ್ಟರ್ ಎತ್ತಿ ಹಿಡಿದು.

"ನನ್ನದೇ."

ಅವರು ನಗಲಿಲ್ಲ. ಸ್ಟೂಲ್ ಎಳೆದು ಕೂತು ಕೇಳತೊಡಗಿದರು. "ಗಾಡಿ ಎಷ್ಟು ಸ್ಪೀಡಲ್ಲಿ ಓಡ್ತದೆ? ದಿನಕ್ಕೆ ಎಷ್ಟು ಹೊತ್ತು? ಪೆಟ್ರೋಲಿಗೆ ಆಯಿಲ್ ಎಷ್ಟು ಸೇರಿಸ್ತಾರೆ? ಏರಲ್ಲಿ ನಿಲ್ತಾ ಇತ್ತೋ, ಸಪಾಟಲ್ಲಿ ನಿಲ್ತಾ ಇತ್ತೋ?"

ನನಗೆ ಒಂದಕ್ಕೂ ಉತ್ತರ ಗೊತ್ತಿಲ್ಲ. (ಪರೀಕ್ಷೆಯಲ್ಲಿ ನನ್ನ ಮಕ್ಕಳು ಸೀಲಿಂಗ್ ನೋಡುವುದು ಯಾಕೆ ಅಂತ ಅವತ್ತು ಅರ್ಥವಾಯಿತು.)

"ಇದೇನೂ ಗೊತ್ತಿಲ್ದೆ ಬಿಚ್ಚಿದ್ದು ಯಾಕೆ ಮಾರಾಯ್ರೆ?" ಅಂದರು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳುವ ಆಸೆ.

ದ್ಯಾಮಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಮುಂದಿನ ಅರ್ಧ ತಾಸು ನಾನು ಮೊಬೈಲ್ ಸ್ಟ್ಯಾಂಡ್.

"ಅಕ್ಕ, ನೀವು ಎಷ್ಟು ಜೋರಾಗಿ ಓಡಿಸ್ತೀರಿ?"

"ಕುರಿ ನಡೆದಷ್ಟು."

"ಎಕ್ಸಿಲೇಟರ್ ಎಷ್ಟು ತಿರುವ್ತೀರಿ?"

"ತಿರುವಿದ್ರ ಕುರಿ ಬೆದರ್ತಾವ್ರೀ. ಒಂದು ಚೂರು ಹಿಡೀತೀನಿ, ಅಷ್ಟ. ಏರಿ ಹತ್ತುವಾಗ ಅರ್ಧ."

"ಧೂಳು?"

"ಎಪ್ಪತ್ತು ಕುರಿ ಹಿಂದ ಹೊಂಟಿರ್ತೀನಿ. ಧೂಳು ಬಿಟ್ರ ಬ್ಯಾರೇನೈತಿ? ಅದಕ್ಕ ಪೈಪು ಎತ್ತರಕ್ಕಿರ್ಲಿ ಅಂತ ವೆಲ್ಡಿಂಗ್‌ನವಂಗ ಹೇಳಿ ಮಾಡ್ಸಿದ್ದೆ. ಬಟ್ಟೆ ನಾನಾ ಕಟ್ಟಿದ್ದೆ."

ಷಣ್ಮುಖಪ್ಪನವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

ಆಮೇಲೆ ಬಿಡಿಸಿ ಹೇಳಿದರು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಒಳಗೆ ಹೋಗುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಇಂಜಿನ್ ಕಾಯುತ್ತದೆ, ಮೇಲಾಗಿ ಪಿಸ್ಟನ್ನಿಗೆ ಎಣ್ಣೆಯೂ ಸಿಗುವುದಿಲ್ಲ. ಒಣ ಪಿಸ್ಟನ್ ಕಾದು ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅದರ ಮೇಲೆ ಧೂಳು ಬೇರೆ. ಹೊಗೆ ಮಾಯವಾಯಿತು ಅಂತ ನಾನು ಕುಣಿದೆನಲ್ಲ, ಇಂಜಿನ್ ಸಾಯುತ್ತಿದೆ ಅನ್ನುವುದಕ್ಕೆ ಅದೇ ಗುರುತು.

"ಗಾಡಿಗೆ ಇದ್ದ ತೊಂದ್ರೆ ಸಣ್ಣದು. ಇದು ಲೋಡ್ ಹೊತ್ಕೊಂಡು ರಸ್ತೆ ಮೇಲೆ ಓಡೋಕೆ ಸೆಟ್ ಮಾಡಿದ ಕಾರ್ಬೇಟ್ರು. ಅಕ್ಕ ಓಡಿಸೋದು ನಡಿಗೇಲಿ. ನಿಧಾನಕ್ಕೆ ಓಡುವಾಗ ಪೆಟ್ರೋಲ್ ಹೆಚ್ಚು ಬೀಳ್ತದೆ, ಅದಕ್ಕೆ ಪ್ಲಗ್ಗು ಕಪ್ಪು. ನೀವು ಓಟದ ಗಾಡಿ ಮಾಡಿದ್ರಿ. ಅವ್ರಿಗೆ ಬೇಕಾದ್ದು ನಡೆಯೋ ಗಾಡಿ."

ಸಿಲಿಂಡರಿಗೆ ಬೋರ್ ಹಾಕಿಸಿ, ಅಂದರೆ ಒಳಮೈ ಕೊರೆದು ನುಣುಪು ಮಾಡಿಸಿ, ಹೊಸ ಪಿಸ್ಟನ್ ಕೂರಿಸಲು ಹದಿನೈದು ದಿನ ಹಿಡಿಯಿತು. ಕಾರ್ಬುರೇಟರಿನಲ್ಲಿ ನಿಧಾನಗತಿಗೆ ಪೆಟ್ರೋಲ್ ಬಿಡುವ ಪುಟ್ಟ ಜೆಟ್ಟು ತೆಗೆದು ಇನ್ನೂ ಸಣ್ಣ ತೂತಿನ ಜೆಟ್ಟು ಹಾಕಿದರು. ಕೊನೆಯ ಟ್ಯೂನಿಂಗ್ ಮಾತ್ರ ಅಂಗಡಿಯಲ್ಲಿ ಆಗುವುದಿಲ್ಲ ಅಂದರು. "ಕುರಿ ಬೇಕು."

ಇಂಜಿನ್ನನ್ನು ಮೊದಲೇ ತಂದು ವೆಲ್ಡಿಂಗ್‌ನವನ ಕೈಯಲ್ಲಿ ಗಾಡಿಗೆ ಕೂರಿಸಿದ್ದೆ. ಭಾನುವಾರ ಅವರು ಶಿರಾಳಕೊಪ್ಪದವರೆಗೆ ಬಸ್ಸಿನಲ್ಲಿ ಬಂದರು. ಅಲ್ಲಿಂದ ನನ್ನ ಬೈಕಿನಲ್ಲಿ ಬಂದಳಿಕೆ. ನಾನು ಕಿತ್ತೆಸೆದಿದ್ದ ರಬ್ಬರ್ ಪೈಪು ನಮ್ಮ ಹೊಲದ ಶೆಡ್ಡಿನ ಹಿಂದೆ ಜೇಡರ ಬಲೆ ಕಟ್ಟಿಕೊಂಡು ಬಿದ್ದಿತ್ತು. ತೊಳೆದು ತಂದುಕೊಟ್ಟೆ. ಷಣ್ಮುಖಪ್ಪ ಅದನ್ನು ಮೊದಲಿನ ಜಾಗಕ್ಕೇ ಜೋಡಿಸಿದರು. ಬಟ್ಟೆಯ ಬದಲು ಬಾಯಿಗೆ ಎಣ್ಣೆ ಸವರಿದ ಸ್ಪಂಜು ಕಟ್ಟಿದರು. "ಧೂಳು ಇದಕ್ಕೆ ಅಂಟ್ಕೊಳ್ತದೆ, ಗಾಳಿ ಒಳಗೆ ಹೋಗ್ತದೆ. ವಾರಕ್ಕೊಮ್ಮೆ ತೊಳೀರಿ. ಅಕ್ಕ, ನಿಮ್ಮ ಯೋಚ್ನೆ ಸರಿ ಇತ್ತು. ಬಟ್ಟೆ ಮಾತ್ರ ದಪ್ಪ ಆಗಿತ್ತು."

ದ್ಯಾಮಕ್ಕನ ಮುಖ ಅರಳಿದ್ದನ್ನು ಆ ದಿನ ಮೊದಲ ಸಲ ನೋಡಿದೆ.

ಮಂಡಿಗೆ ಪಟ್ಟಿ ಕಟ್ಟಿಕೊಂಡೇ ಅವರು ಗಾಡಿ ಹತ್ತಿದರು. ಕುರಿ ಮುಂದೆ, ಗಾಡಿ ಹಿಂದೆ. ಷಣ್ಮುಖಪ್ಪ ಪಕ್ಕದಲ್ಲಿ ನಡೆದರು. ಸ್ವಲ್ಪ ದೂರ ಹೋಗುವುದು, ಇಂಜಿನ್ ಬಂದ್ ಮಾಡುವುದು, ಪ್ಲಗ್ಗು ಬಿಚ್ಚಿ ಬಣ್ಣ ನೋಡುವುದು. ಕಪ್ಪಾದರೆ ಪೆಟ್ರೋಲ್ ಹೆಚ್ಚು. ಬೆಳ್ಳಗಾದರೆ ಗಾಳಿ ಹೆಚ್ಚು. ಚಹಾದ ಬಣ್ಣ ಬರಬೇಕು. ಬಿಸಿ ಪ್ಲಗ್ಗು ಹಿಡಿಯುವ ಕೆಲಸ ನನಗೆ ಕೊಟ್ಟರು. (ಬೆರಳು ಸುಟ್ಟಿತು. ಹೇಳಲಿಲ್ಲ.)

ನಾಲ್ಕನೇ ಸಲ ಅವರು ಸ್ಕ್ರೂಡ್ರೈವರನ್ನು ದ್ಯಾಮಕ್ಕನ ಕೈಗೆ ಕೊಟ್ಟರು.

"ನೀವೇ ತಿರುಗಿಸಿ ಅಕ್ಕ. ನಾನು ಸೊರಬಕ್ಕೆ ಹೋದ ಮೇಲೆ ಇದ್ರ ದನಿ ಕೇಳೋರು ನೀವೇ ಅಲ್ವಾ?"

ಗಾಳಿಯ ಸ್ಕ್ರೂ ಅದು. ದ್ಯಾಮಕ್ಕ ಬಗ್ಗಿ, ಕಿವಿ ಹತ್ತಿರ ತಂದು ಕಾಲು ಸುತ್ತು ತಿರುಗಿಸಿದರು. "ಈಗ ಕಫ ಕಟ್ಟಿದಂಗೈತಿ." ಇನ್ನೊಂದು ಕಡೆಗೆ ತಿರುಗಿಸಿದರು. "ಈಗ ಬಾಯಿ ಒಣಗಿದಂಗೈತಿ." ಮತ್ತೆ ಕೂದಲೆಳೆಯಷ್ಟು ಹಿಂದಕ್ಕೆ ತಂದು ಕೈ ನಿಲ್ಲಿಸಿದರು. "ಹಾಂ. ಈಗ ಸರಿಯಾತು."

ನನಗೆ ಮೂರೂ ಒಂದೇ ಸದ್ದು. ಷಣ್ಮುಖಪ್ಪ ಮಾತ್ರ ತಲೆಯಾಡಿಸಿದರು. ಪ್ಲಗ್ಗು ಬಿಚ್ಚಿದರೆ ಹೋಟೆಲ್ ಚಹಾದ ಬಣ್ಣ.

ಮಂಜಪ್ಪ ಇಷ್ಟು ಹೊತ್ತೂ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಒಳಗೊಳಗೇ ನಾನು ಅವನನ್ನು ಕಲ್ಲೆದೆಯವರ ಪಟ್ಟಿಗೆ ಸೇರಿಸಿ ಆಗಿತ್ತು. ದ್ಯಾಮಕ್ಕ ಕುರಿಗಳ ಹಿಂದೆ ಕೆರೆ ಏರಿಯ ಕಡೆ ಹೊರಟಾಗ ಅವನ ಪಕ್ಕ ಹೋಗಿ ನಿಂತೆ. ಕುರಿ ಮಾರುವ ಯೋಚನೆ ಬಿಡಪ್ಪ ಅಂತ ಹೇಳಬೇಕೆಂದು ಬಾಯಿ ತೆರೆದವನು ಯಾಕೋ ತಡೆದೆ. "ನಿನಗೆ ಯಾಕೆ ಗಾಡಿ ಬೇಡ ಮಂಜಪ್ಪ?" ಅಂದೆ.

ಅವನು ತಂಗಿಯ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಅವತ್ತು ಹುಡುಕ್ಕೊಂಡು ಹೋದಾಗ ಮೊದ್ಲು ಕಂಡಿದ್ದು ಬರೇ ಗಾಡಿ ರೀ. ಕೆರೆ ನಡುವ ಒಂದಾ ನಿಂತಿತ್ತು. ಮ್ಯಾಲೆ ತಂಗಿ ಇರಲಿಲ್ಲ. ಆಕಿ ದನಿ ಕಿವಿಗೆ ಬೀಳೋತನಕ ನನ್ನ ಜೀವ ನನ್ನ ಕೈಯಾಗ ಇರಲಿಲ್ಲ."

ನಾನೂ ಅವನ ಜೊತೆ ಏರಿಯ ಕಡೆ ನೋಡುತ್ತಾ ನಿಂತೆ.

ಗಾಡಿ ಏರಿ ಹತ್ತಿತು. ನಿಲ್ಲಲಿಲ್ಲ, ಕಿರುಚಲಿಲ್ಲ. ತೆಳುವಾದ ನೀಲಿ ಹೊಗೆ ಬಿಡುತ್ತಾ, ಕುರಿಗಳು ನಡೆದಷ್ಟೇ ನಿಧಾನವಾಗಿ ಹತ್ತಿ ಮೇಲೆ ನಿಂತಿತು. ದ್ಯಾಮಕ್ಕ ಹಿಂದಕ್ಕೆ ತಿರುಗಿ ಅಣ್ಣನ ಕಡೆ ನೋಡಿದರು.

ಮಂಜಪ್ಪ ಕೂಗಿ ಹೇಳಿದ. "ಆಚಿ ದಡಕ್ಕ ಹೋಗೋ ದಿನ ನಾನೂ ಬರ್ತೀನಿ. ಒಬ್ಬಾಕೆ ಹೋಗಬ್ಯಾಡ."

"ಬಾ ಯಣ್ಣ. ಬ್ಯಾಡಂದೋರು ಯಾರು? ನೀನು ಯಾವತ್ತರ ಬರ್ತೀನಿ ಅಂದಿದ್ದೇನು?" ದ್ಯಾಮಕ್ಕನ ದನಿ ಏರಿಯ ಮೇಲಿಂದ ಸ್ಪಷ್ಟವಾಗಿ ಕೇಳಿಸಿತು.

ಕುರಿಗಳನ್ನು ಮಾರಲಿಲ್ಲ. ಅಣ್ಣ ತಂಗಿ ಈಗ ವಾರಕ್ಕೆರಡು ದಿನ ಜೊತೆಯಲ್ಲೇ ಹೋಗುತ್ತಾರಂತೆ. ಪ್ಲಗ್ಗು ಬಿಚ್ಚಿ ಹದಿನೈದು ದಿನ ಆಯಿತು ಅಂತ ದ್ಯಾಮಕ್ಕ ಫೋನು ಮಾಡಿದ್ದರು. ಕುರಿಗಳ ಹಿಂದೆ ನಡೆಯುವ ಮೂರು ಚಕ್ರದ ಗಾಡಿಗೆ ಎಷ್ಟು ಗಾಳಿ ಬೇಕು ಅನ್ನುವುದನ್ನು ಅದನ್ನು ಓಡಿಸುವವರ ಹತ್ತಿರ ಕೇಳಲು ಒಬ್ಬ ಮೇಷ್ಟ್ರಿಗೆ ಇಷ್ಟು ರಾದ್ಧಾಂತ ಬೇಕಾಯಿತು.

ಮೊನ್ನೆ ಸ್ಟಾಫ್ ರೂಮಿನಲ್ಲಿ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಬೇಜಾರಿನಲ್ಲಿದ್ದರು. "ಅಮ್ಮ ಇತ್ತೀಚೆಗೆ ಸರಿಯಾಗಿ ಊಟಾನೇ ಮಾಡ್ತಿಲ್ಲ ಸರ್." ಹೇಳಿದ್ದೇ ತಡ, ಟೇಬಲ್ಲಿನ ಸುತ್ತಲಿಂದ ಸಲಹೆಗಳು ಬಂದು ಬಿದ್ದವು. ಶುಂಠಿ ಕಷಾಯ ಕೊಡಿ. ಟಾನಿಕ್ ಬದಲಾಯಿಸಿ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ. ನನ್ನ ನಾಲಿಗೆಯ ತುದಿಯಲ್ಲೂ ಎರಡಿದ್ದವು. ನುಂಗಿಕೊಂಡೆ.

"ಯಾಕೆ ಊಟ ಮಾಡ್ತಿಲ್ಲ ಅಂತ ಅಮ್ಮನ್ನ ಕೇಳಿದ್ರಾ?" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಇಲ್ಲ ಸರ್" ಅಂದರು.

ನಿಮ್ಮ ಮನೆಯಲ್ಲಿ ಯಾರನ್ನು ಕೇಳುವುದು ಬಾಕಿ ಇದೆ?